ಕಡೇ ದಿನ ಹೊನ್ನಾವರದಿಂದ ಮಂಗಳೂರಿಗೆ

ಹೊನ್ನಾವರದಲ್ಲಿ ಬೆಳಿಗ್ಗೆ ಬನ್ಸ್ ತಿಂದದ್ದೇ ತಿಂದದ್ದು, ಅತ್ತೆಗೆ ಜೀವ ಬಂತು. ಮುಂಬೈ ಬಿಟ್ಟಾಗಿನಿಂದ ಹಿಂದಿನ ಸೀಟಲ್ಲಿ ತೂಕಡಿಸುತ್ತಿದ್ದವರು ಈಗ ಎದ್ದು ಕೂತು ನನಗೇ ಡ್ರೈವಿಂಗ್ ಹೇಳಿಕೊಡಲು ಶುರು ಮಾಡಿದರು. ಅವರ ಊರು ಕುಂದಾಪುರ ಹತ್ತಿರ. ಇನ್ನು ಮುಂದಿನ ದಾರಿಯೆಲ್ಲ ಅವರದ್ದೇ ಅನ್ನುವ ಹಾಗೆ!

ಮಹಾರಾಷ್ಟ್ರದಲ್ಲಿ ನಾವು ಹೆದ್ದಾರಿ ಬಿಟ್ಟು ಕಡಲ ಪಕ್ಕದ ಸಣ್ಣ ರಸ್ತೆಯಲ್ಲೇ ಬಂದಿದ್ದೆವು. ಅಲ್ಲಿ ಎಷ್ಟೋ ಕಡೆ ಹೊಳೆ ಬಂದರೆ ರಸ್ತೆಯೇ ಮುಗಿದುಹೋಗುತ್ತದೆ. ಆಗರದಾಂಡಾ, ದಾಭೋಳ, ತವಸಾಳ, ಎಲ್ಲಾ ಕಡೆ ಕಾರನ್ನು ಬಾರ್ಜಿಗೆ ಹತ್ತಿಸಿ ಆಚೆ ದಡಕ್ಕೆ ಹೋಗಬೇಕು. ಬಾರ್ಜ್ ಬರುವವರೆಗೆ ಕಾಯಬೇಕು. ಕಾಯುವಾಗ ಮಾಡಲು ಬೇರೇನೂ ಇಲ್ಲ, ಹೊಳೆ ನೋಡಬೇಕು ಅಷ್ಟೇ. ವಾಶಿಷ್ಠಿ ನದಿ ಎಷ್ಟು ಅಗಲ ಅಂತ ನನಗೆ ಗೊತ್ತಾದದ್ದು ಹಾಗೆ.

ನಮ್ಮ ಕಡೆ ಹಾಗಲ್ಲ. ಹೆದ್ದಾರಿ 66 (ನನ್ನ ಅಪ್ಪನಿಗೆ ಅದು ಈಗಲೂ ಹದಿನೇಳೇ) ಎಲ್ಲ ಹೊಳೆಗಳನ್ನೂ ಸೇತುವೆ ಮೇಲೆ ದಾಟಿಸಿಬಿಡುತ್ತದೆ. ಹೊನ್ನಾವರ ಬಿಟ್ಟ ಕೂಡಲೇ ಶರಾವತಿ. ಜೋಗದಲ್ಲಿ ಬೀಳುವ ಅದೇ ಶರಾವತಿ. ಎಡಗಡೆ ಕೊಂಕಣ ರೈಲ್ವೆಯ ಸೇತುವೆ. ಎರಡು ಕಿಲೋಮೀಟರಿಗಿಂತ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಮಗಳಿಗೆ ತೋರಿಸೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ನಾವು ಕಾಸರಕೋಡಿನಲ್ಲಿದ್ದೆವು. ಅವಳು ಮೊಬೈಲಿನಿಂದ ತಲೆ ಎತ್ತಿ "ಯಾವ ಸೇತುವೆ?" ಅಂದಳು.

ಮುರ್ಡೇಶ್ವರದ ಶಿವ ರಸ್ತೆಯಿಂದಲೇ ಕೈ ಮುಗಿಸಿಕೊಂಡ. ಭಟ್ಕಳದಲ್ಲಿ ಮಲ್ಲಿಗೆ ಕೊಂಡೆವು. ಶಿರೂರಿನ ಟೋಲ್ ದಾಟಿದರೆ ಉಡುಪಿ ಜಿಲ್ಲೆ.

ಮರವಂತೆಯಲ್ಲಿ ಮಾತ್ರ ಕಾರು ನಿಲ್ಲಿಸದೆ ಹೋಗುವವರು ಯಾರಿದ್ದಾರೆ? ಬಲಗಡೆ ಕಡಲು, ಎಡಗಡೆ ಸೌಪರ್ಣಿಕಾ, ನಡುವೆ ಟಾರು. ಫೋಟೋದಲ್ಲಿ ಎಲ್ಲರೂ ಇಷ್ಟೇ ನೋಡಿರುತ್ತೀರಿ. ನನಗೆ ಮಜಾ ಅನ್ನಿಸುವುದು ಹೊಳೆಯ ವರಸೆ. ಕೊಡಚಾದ್ರಿ ಕಡೆಯಿಂದ ಇಷ್ಟು ದೂರ ಬಂದು, ಕಡಲು ಒಂದು ಕೂಗಳತೆಯಲ್ಲಿರುವಾಗ, ಅದು ಸುಮ್ನೆ ತಿರುಗಿ ಹೋಗಿಬಿಡುತ್ತದೆ. ಕಡಲು ಸೇರುವುದು ಗಂಗೊಳ್ಳಿಯಲ್ಲಿ, ಅದೂ ಬೇರೆ ಹೊಳೆಗಳನ್ನು ಜೊತೆಗೆ ಸೇರಿಸಿಕೊಂಡು. ಕಡಲಿನ ಕಡೆ ದೊಡ್ಡ ದೊಡ್ಡ ಕಲ್ಲು ಹಾಕಿದ್ದಾರೆ, ಕೊರೆತ ತಡೆಯಲು. ಅದಕ್ಕೆ ಅಲೆ ಬಂದು ಬಡಿಯುವ ಸದ್ದಿಗೆ ಮಾತಾಡಿದ್ದು ಕೇಳುವುದಿಲ್ಲ. ಹೊಳೆ ಕಡೆ ಒಬ್ಬರು ಸಣ್ಣ ದೋಣಿಯಲ್ಲಿ ನಿಂತು ಬಲೆಯಿಂದ ಏಡಿ ಬಿಡಿಸುತ್ತಿದ್ದರು. ಏಡಿಯ ಕೊಂಬು ಬಲೆಯ ನೂಲು ಕಚ್ಚಿಕೊಂಡು ಬಿಡುತ್ತಿರಲಿಲ್ಲ. ಅವರಿಗೂ ಅವಸರ ಇರಲಿಲ್ಲ. ದೋಣಿ ಒಂಚೂರೂ ಅಲ್ಲಾಡುತ್ತಿರಲಿಲ್ಲ.

ಆದರೆ ಈ ಕಡೆಯಿಂದ ಆ ಕಡೆಗೆ ದಾಟುವುದಿದೆಯಲ್ಲ, ಅದು ಸಾಹಸ. ಚತುಷ್ಪಥ ಆದ ಮೇಲೆ ಲಾರಿಗಳು ಹಾರಿಕೊಂಡು ಬರುತ್ತವೆ. ಅತ್ತೆಯ ಕೈ ಹಿಡಿದು ಡಿವೈಡರ್‌ವರೆಗೆ ಓಡಿ, ಅಲ್ಲಿ ನಿಂತು, ಮತ್ತೆ ಓಡಿದೆವು. ಹಳೇ ರಸ್ತೆಯಲ್ಲಿ ಬಸ್ಸಿನ ಮಧ್ಯದಲ್ಲಿ ನಿಂತರೂ ಎರಡೂ ಕಿಟಕಿಯಲ್ಲಿ ನೀರೇ ಕಾಣುತ್ತಿತ್ತು ಅಂತ ಅತ್ತೆ ಬೈದುಕೊಂಡರು. ರಸ್ತೆ ಅಗಲ ಆದದ್ದಕ್ಕೆ ನನ್ನ ತಕರಾರಿಲ್ಲ, ಆ್ಯಂಬುಲೆನ್ಸಿಗೆ ಅದು ಬೇಕೇ ಬೇಕು. ಆದರೆ "ಕರಾವಳಿ ಡ್ರೈವ್" ಅಂತ ಆಸೆಪಟ್ಟು ಬರುವವರಿಗೆ ಒಂದು ಮಾತು: ಈ ರಸ್ತೆಯಲ್ಲಿ ಕೂತು ಕಡಲು ಕಾಣುವ ಜಾಗ ತೀರಾ ಕಡಿಮೆ. ಕಡಲು ಬೇಕಿದ್ದರೆ ಹೆದ್ದಾರಿ ಬಿಡಬೇಕು.

ಹೆಮ್ಮಾಡಿಯಲ್ಲಿ ಅತ್ತೆಯ ಆರ್ಡರ್, ನಿಲ್ಲಿಸು. ಸಂಕ್ರಾಂತಿ ಹತ್ತಿರ ಇತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಸೇವಂತಿಗೆ ಬಿಟ್ಟಿತ್ತು. ಮಾರಣಕಟ್ಟೆ ಜಾತ್ರೆಗೆ ಹೋಗುವ ಹೂವು ಇದೇ. ಪುಟ್ಟ ಹೂವು, ಆದರೆ ಕಾರೊಳಗೆ ಇಟ್ಟರೆ ಭಟ್ಕಳದ ಮಲ್ಲಿಗೆ ಸೋತಿತು.

ಕುಂದಾಪುರದಲ್ಲಿ ಊಟಕ್ಕೆ ಘೀ ರೋಸ್ಟ್, ನೀರುದೋಸೆ. ಮುಂಬೈಯಲ್ಲಿ ಅದೇ ಹೆಸರಲ್ಲಿ ಕೆಂಪು ಗ್ರೇವಿ ಕೊಡುತ್ತಾರೆ. ಇಲ್ಲಿ ಗ್ರೇವಿ ಇಲ್ಲ, ಬ್ಯಾಡಗಿ ಮೆಣಸಿನ ಮಸಾಲೆ ಕೋಳಿಗೆ ಹಿಡಿದಿರುತ್ತದೆ, ಅಂಚಲ್ಲಿ ತುಪ್ಪ ಬಿಟ್ಟಿರುತ್ತದೆ. ಯಾರೂ ಮಾತಾಡಲಿಲ್ಲ.

ಸಂತೆಕಟ್ಟೆಯಲ್ಲಿ ನಾನು ಹಟ ಮಾಡಿ ಹೆದ್ದಾರಿ ಬಿಟ್ಟೆ. ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಗೆ. ಮರವಂತೆಯನ್ನು ಸಣ್ಣದು ಮಾಡಿ, ಲಾರಿಗಳನ್ನು ತೆಗೆದುಹಾಕಿದರೆ ಹೇಗಿರುತ್ತದೋ ಹಾಗಿದೆ ಆ ದಾರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನಮರ, ಮನೆ, ಅಂಗಳದಲ್ಲಿ ಒಣಗಲು ಹಾಕಿದ ಮೀನು. ಎದುರಿಂದ ರಿಕ್ಷಾ ಬಂದರೆ ನಾವು ಯಾರದ್ದೋ ಗೇಟಿಗೆ ತಾಗಿ ನಿಲ್ಲಬೇಕು. ಕೊನೆಗೆ ರಸ್ತೆ ಮುಗಿಯುತ್ತದೆ. ಸೀತಾ, ಸುವರ್ಣಾ ಎರಡೂ ಅಲ್ಲಿ ಕಡಲಿಗೆ ಸೇರುತ್ತವೆ. ಎದುರಿನ ದಡ ಹಂಗಾರಕಟ್ಟೆ. ಮಗಳು ಮೊಬೈಲು ಕಾರಲ್ಲೇ ಬಿಟ್ಟು ಇಳಿದಳು. ಬೋಟುಗಳ ಹೆಸರು ಓದುತ್ತಾ ಎಷ್ಟು ಹೊತ್ತು ನಿಂತಳೋ. ನನ್ನ ಗಂಡ ಗಡಿಯಾರ ನೋಡುವುದನ್ನು ನಾನು ನೋಡಲಿಲ್ಲ ಅಂತ ಇಟ್ಟುಕೊಳ್ಳಿ.

ಹಾಗಾಗಿ ಕಾಪು ದೀಪಸ್ತಂಭ ತಪ್ಪಿತು. 1901ರದ್ದು ಅದು, ಇನ್ನೂ ಇರುತ್ತದೆ, ಮುಂದಿನ ಸಲ ಹತ್ತೋಣ. ಪಡುಬಿದ್ರಿ, ಹೆಜಮಾಡಿ ಟೋಲ್, ಮೂಲ್ಕಿಯಲ್ಲಿ ಶಾಂಭವಿ, ಹಳೆಯಂಗಡಿಯಲ್ಲಿ ನಂದಿನಿ, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಸುರತ್ಕಲ್‌ನಲ್ಲಿ ಟೋಲ್ ಇಲ್ಲ. ಜನ ಹೋರಾಟ ಮಾಡಿ 2022ರ ಡಿಸೆಂಬರಿನಲ್ಲಿ ನಿಲ್ಲಿಸಿದ್ದು, ಅಲ್ವಾ? ಅಲ್ಲಿ ದಾಟುವಾಗೆಲ್ಲ ಖುಷಿಯಾಗುತ್ತದೆ.

ಕೂಳೂರು ಸೇತುವೆ ಹತ್ತಿರ ಸಂಜೆಯ ಜಾಮ್. ಟ್ಯಾಂಕರುಗಳ ಹಿಂದೆ ಇಂಚಿಂಚು. ಫಲ್ಗುಣಿಯನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ಅತ್ತೆ ಮನೆಗೆ ಫೋನ್ ಮಾಡಿ ಗಂಜಿ, ಚಟ್ನಿ ಸಾಕು ಅಂದರು. ಮಗಳು ಮೊದಲು ಗಡ್‌ಬಡ್ ಅಂದಳು. ಊರೊಳಗೆ ಬಂದ ಮೇಲೆ ಕಾರು ತಿರುಗಿದ್ದು ಐಸ್‌ಕ್ರೀಮ್ ಅಂಗಡಿ ಕಡೆಗೇ. ಅತ್ತೆಯೂ ಒಂದು ಪೂರ್ತಿ ಗ್ಲಾಸ್ ಖಾಲಿ ಮಾಡಿದರು.