ಬರೆಯೋಕೆ ಆಗ್ದೇ ಇದ್ದಾಗ ಮೈ ಏನ್ ಹೇಳ್ತಿರುತ್ತೆ

ಹೋದ ಮಳೆಗಾಲದಲ್ಲಿ ಮೂರು ವಾರ ಒಂದು ಸಾಲೂ ಬರೀಲಿಲ್ಲ. ಕಥೆ ತಲೇಲಿತ್ತು, ಆದ್ರೆ ಲ್ಯಾಪ್‌ಟಾಪ್ ತೆಗೆದ್ರೆ ಸಾಕು ಹೆಗಲು ಕಿವಿ ಹತ್ರ ಏರ್ತಿತ್ತು, ದವಡೆ ಬಿಗಿ, ಉಸಿರು ಎದೆ ಮೇಲ್ಗಡೇನೇ ನಿಂತೋಗ್ತಿತ್ತು, ನಾನು ಅದನ್ನ ಸೋಮಾರಿತನ ಅಂದ್ಕೊಂಡು ಇನ್ನೂ ಹಠ ಹಿಡಿದು ಕೂರ್ತಿದ್ದೆ.

ಸೋಮಾರಿತನ ಅಲ್ವೇ ಅಲ್ಲ ಅದು. ಸ್ಟ್ರೆಸ್ ಜಾಸ್ತಿಯಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರುತ್ತೆ, ಗಮನ ಕಿರಿದಾಗುತ್ತೆ, ಯೋಚ್ನೆಗಳನ್ನ ಹಿಡ್ಕೊಂಡು ತಿರುಗ್ಸಿ ನೋಡೋ ಪ್ರೀಫ್ರಂಟಲ್ ಕಾರ್ಟೆಕ್ಸ್, ಅಂದ್ರೆ ಮೆದುಳಿನ ಮುಂಭಾಗ, ಮಂಕಾಗುತ್ತೆ. ಅಂಥ ಹೊತ್ತಲ್ಲಿ ಬೈಕೊಂಡ್ರೆ ಮೈ ಇನ್ನಷ್ಟು ಹೆದರುತ್ತೆ, ಪಾಪ.

ಉಸಿರು ಉದ್ದಕ್ಕೆ ಬಿಟ್ಟಾಗ ಮೆದುಳಿಂದ ಹೃದಯಕ್ಕೆ ಹೋಗೋ ವೇಗಸ್ ನರದ ಮೂಲಕ ಹೃದಯದ ಬಡಿತ ನಿಧಾನ ಆಗುತ್ತೆ, ಅದಕ್ಕೇ ಈಗ 4 ಎಣಿಸಿ ಎಳ್ಕೊಂಡು 6 ಎಣಿಸಿ ಬಿಡ್ತೀನಿ, ಐದು ನಿಮಿಷ, ಆಮೇಲೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್. 2014ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು, ಕೂತಾಗಿಂತ ನಡೆಯುವಾಗ ಜನಕ್ಕೆ ಹೊಸ ಐಡಿಯಾ ಹೆಚ್ಚು ಹೊಳೆಯುತ್ತೆ, ಗೋಡೆ ನೋಡ್ಕೊಂಡು ಟ್ರೆಡ್‌ಮಿಲ್ ಮೇಲೆ ನಡೆದ್ರೂನೂ ಅಂತ ತೋರ್ಸಿದ್ರು. ನನಗಂತೂ ಕೆರೇನೇ ಬೇಕು.

ಮೊದಲ ಮೂರು ದಿನ ಏನೂ ಬರ್ಲಿಲ್ಲ. ನಾಲ್ಕನೇ ದಿನ ಹೆಜ್ಜಾರ್ಲೆ ಹಕ್ಕಿಗಳು ಕೂತಿರೋ ಮರ ನೋಡ್ತಾ ನಿಂತಿದ್ದಾಗ ಕಥೆಯ ಅಜ್ಜಿ ಮಾತಾಡೋಕೆ ಶುರು ಮಾಡಿದ್ಲು, ಅಲ್ಲೇ ಫೋನಲ್ಲಿ ಟೈಪ್ ಮಾಡ್ಕೊಂಡೆ.