ಲಾರಿಯ ಕಾಲು, ಕಾರಿನ ಕ್ಲಚ್

ವಿಜಯಪುರ
18 ಜನವರಿ 2026, ರವಿವಾರ

ಸಿದ್ಧೇಶ್ವರ ಜಾತ್ರೆಗೆಂದು ಊರಿಗೆ ಬಂದಿರುವ ಅಕ್ಕನ ಮಗ ಹತ್ತು ಚಕ್ರದ ಲಾರಿ ಓಡಿಸ್ತಾನೆ. ಮುಧೋಳ ಕಡೆಯ ಸಕ್ಕರೆ, ಮಹಾಲಿಂಗಪುರದ ಬೆಲ್ಲ, ಸೀಸನ್ ಮುಗಿದ ಮೇಲೆ ಸಿಮೆಂಟ್. ಈಗ ಮನೆಮಂದಿಗೆಂದು ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಂಡಿದ್ದಾನೆ. 1200 ಸಿಸಿ, ಐದು ಗೇರು.

"ಮಾವಾ, ಲೋಡ್ ಗಾಡಿ ಹೊಡಿಯಾಂವಗ ಈ ಸಣ್ಣದ್ಯಾಕ ಮಾತು ಕೇಳವಲ್ದು? ಚೌಕದಾಗ ನಾಕ್ ಮಂದಿ ಮುಂದ ಬಂದ್ ಬೀಳ್ತದ" ಅಂದ. ನಾನೂ ಲಾರಿ ಇಳಿದು ಕಾರಿಗೆ ಬಂದವನು. ಬೆಳಿಗ್ಗೆಯೇ ಇಬ್ಬರೂ ಕೊಲ್ಹಾರದ ಹಾದಿ ಹಿಡಿದೆವು.

ಕೀಲಿ ತಿರುವಿದ, ಇಂಜಿನ್ ಚಾಲೂ ಆಯಿತು, ಆದರೂ ಗಾಡಿ ಬಿಡಲಿಲ್ಲ. ಕಣ್ಣು ಮುಂದಿನ ಮೀಟರುಗಳ ಮೇಲೆ ಓಡಾಡುತ್ತಿತ್ತು. ಏರ್ ಮೀಟರ್ ಹುಡುಕುತ್ತಿದ್ದ! ಗಾಳಿಯ ಬ್ರೇಕಿನ ಲಾರಿಯಲ್ಲಿ ಟ್ಯಾಂಕಿಗೆ ಗಾಳಿ ತುಂಬದೆ ಹ್ಯಾಂಡ್ ಬ್ರೇಕ್ ಬಿಡುವುದಿಲ್ಲ, ಒಳಗಿನ ಸ್ಪ್ರಿಂಗ್ ಚಕ್ರ ಹಿಡಿದುಕೊಂಡೇ ಇರುತ್ತದೆ. ಹೊರಡುವ ಮುನ್ನ ಬ್ರೇಕ್ ನೋಡಿಕೊಳ್ಳುವ ಈ ಅಭ್ಯಾಸ ನನಗೆ ಬಹಳ ಸೇರಿತು. "ಇದರಾಗ ಗಾಳಿ ಇಲ್ಲ, ಎಣ್ಣಿ ಅದ. ಪೆಡಲ್ ಒಮ್ಮೆ ಒತ್ತಿ ನೋಡು, ಗಟ್ಟಿ ನಿಂತರ ಹೊರಡು" ಅಂದೆ.

ಗೇರ್ ಹಾಕಿದ, ಸೀದಾ ಸೆಕೆಂಡಿಗೆ. ಖಾಲಿ ಲಾರಿಯನ್ನು ಸೆಕೆಂಡಿನಲ್ಲೇ ಎಬ್ಬಿಸುವುದು ನಮ್ಮವರ ರೂಢಿ, ದೊಡ್ಡ ಡೀಸೆಲ್ ಇಂಜಿನ್ ಅದಕ್ಕೆ ಗೊಣಗುವುದಿಲ್ಲ. ಕ್ಲಚ್ ನಿಧಾನ ಬಿಟ್ಟರೆ ಸಾಕು, ರೇಸ್ ಕೊಡದೆಯೂ ಹೊರಡುತ್ತದೆ. ಕಾರು ಎರಡು ಸಲ ನಡುಗಿ ನಿಂತಿತು. ಅವನ ಕೈಯಲ್ಲಿ ಕೊರತೆ ಇಲ್ಲ, ಶಕ್ತಿ ಇರುವ ಜಾಗ ಬೇರೆ. ಲಾರಿ ಇಂಜಿನ್ನಿನ ಎಳೆತವೆಲ್ಲ 1200ರಿಂದ 1600 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಆಸುಪಾಸಿನಲ್ಲಿ, 2500 ಅಂದರೆ ಮುಗಿಯಿತು. ಈ ಪೆಟ್ರೋಲ್ ಇಂಜಿನ್ನಿಗೆ ಪೂರ್ತಿ ದಮ್ಮು ಬರುವುದೇ 4000ದ ಹತ್ತಿರ. ಲಾರಿ ಡ್ರೈವರನ ಕಿವಿಗೆ 2000 ದಾಟಿದ ಸದ್ದು ಅಂದರೆ ಇಂಜಿನ್ ಚೀರಿದಂತೆ, ಕೈ ತಾನಾಗಿ ಮುಂದಿನ ಗೇರಿಗೆ ಹೋಗುತ್ತದೆ. ಅದಕ್ಕೇ ಅವನ ಕಾರು ಮೂರನೇ ಗೇರಿನಲ್ಲಿ ಗುದ್ದಾಡುತ್ತ ಹೋಗುತ್ತಿತ್ತು.

"ಮೀಟರ್ ನೋಡಬ್ಯಾಡ, ಕಿವಿ ಹೊಸದು ಮಾಡ್ಕೊ. ಒಂದನೇದರಾಗ ಎಬ್ಬಿಸು, ಇನ್ನೊಂದೀಟ ಚೀರಲಿ, ಆಮ್ಯಾಲ ಗೇರ್ ಬದಲ್ಸು."

"ಇಂಜಿನ್ ಹಾಳಾಗ್ತದ್ರೀ ಮಾವಾ."

ಆಗುವುದಿಲ್ಲ. ಹಾಳಾಗುವುದು ಎಳೆಯದ ಇಂಜಿನ್ನನ್ನು ದೊಡ್ಡ ಗೇರಿನಲ್ಲಿ ಜಗ್ಗಿಸಿದರೆ, ಇಲ್ಲವೇ ಸೆಕೆಂಡಿನಲ್ಲಿ ಎಬ್ಬಿಸಲು ಹೋಗಿ ಕ್ಲಚ್ ಪ್ಲೇಟ್ ಸುಟ್ಟುಕೊಂಡರೆ. ಇದನ್ನು ಮೂರು ಸಲ ಹೇಳಿದೆ, ಇನ್ನೂ ಹೇಳುವವನಿದ್ದೇನೆ. ಡಬಲ್ ಕ್ಲಚ್ ಬಗ್ಗೆ ಮಾತ್ರ ಏನೂ ಅನ್ನಲಿಲ್ಲ. ಹಳೆಯ ಗಾಡಿಯಲ್ಲಿ ಕಲಿತವನು, ಪ್ರತಿ ಗೇರಿಗೂ ಎರಡು ಸಲ ತುಳಿಯುತ್ತಾನೆ. ಕಾರಿನ ಗೇರ್‌ಬಾಕ್ಸಿನಲ್ಲಿ ಗೇರುಗಳ ವೇಗ ತಾನೇ ಹೊಂದಿಸುವ ಸಿಂಕ್ರೋಮೆಶ್ ಇರುವುದರಿಂದ ಅದರ ಅಗತ್ಯವಿಲ್ಲ, ಹಾನಿಯೂ ಇಲ್ಲ. ತಾನಾಗಿ ಬಿಟ್ಟುಹೋಗುತ್ತದೆ.

ಬ್ರೇಕಿಗೆ ಕಾಲು ಇಟ್ಟಾಗಲೆಲ್ಲ ನನ್ನ ಹಣೆ ಮುಂದೆ ಹೋಗುತ್ತಿತ್ತು. ಹಿಂದಿನ ಸೀಟಿನ ನೀರಿನ ಬಾಟಲಿ ಕೆಳಗೆ ಉರುಳಿ ನನ್ನ ಸೀಟಿನಡಿ ಬಂತು. ಇಡೀ ಕಾಲು ಎತ್ತಿ ಇಡುವವನಿಗೆ ಹಿಮ್ಮಡಿ ನೆಲಕ್ಕೆ ಊರಿ ಬೆರಳಿನಿಂದ ಒತ್ತಲು ಹೇಳಿದೆ. ಹೊನಗನಹಳ್ಳಿ ದಾಟುವಷ್ಟರಲ್ಲಿ ಬಾಟಲಿ ಸೀಟಿನ ಮೇಲೆಯೇ ನಿಲ್ಲತೊಡಗಿತು.

ತಿರುವಿನಲ್ಲಿ ಇನ್ನೊಂದು ಫರಕು. ಲಾರಿಯಲ್ಲಿ ನಾವು ಕೂಡುವುದು ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೆಯೇ, ಹಿಂದಿನ ಚಕ್ರ ಒಳಗೆ ಕೊಯ್ಯುತ್ತದೆಂದು ಗಾಡಿಯನ್ನು ಮುಂದಕ್ಕೆ ಬಿಟ್ಟು ಆಮೇಲೆ ತಿರುಗಿಸುತ್ತೇವೆ. ಕಾರಿನಲ್ಲಿ ಚಕ್ರ ನಮ್ಮ ಪಾದಕ್ಕಿಂತ ಮುಂದಿದೆ. ಅಷ್ಟು ಅಗಲ ತೆಗೆದುಕೊಂಡರೆ ಎಡಗಡೆ ಬಿಟ್ಟ ಸಂದಿಯಲ್ಲಿ ಬೈಕಿನವನು ನುಗ್ಗುತ್ತಾನೆ. ವಿಜಯಪುರದ ಚೌಕಗಳಲ್ಲಿ ಖಂಡಿತ ನುಗ್ಗುತ್ತಾನೆ. ಇದನ್ನು ಒಂದೇ ಮಾತಿಗೆ ಹಿಡಿದುಕೊಂಡ.

ಇನ್ನು ಅವನಿಗೆ ನಾನು ಕಲಿಸಬೇಕಿಲ್ಲದ್ದನ್ನೂ ಬರೆಯಬೇಕು. ಕೊಲ್ಹಾರದ ಈಚೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು, ಹಿಂದೆ ಎರಡು ಟ್ರೇಲರ್. ಕಬ್ಬು ಎರಡೂ ಕಡೆ ಹೊರಗೆ ಚಾಚಿತ್ತು. ಡ್ರೈವಿಂಗ್ ಸ್ಕೂಲಿನಿಂದ ಬಂದ ಹುಡುಗರು ಟ್ರೇಲರಿಗೆ ಮೂತಿ ತಾಗಿಸಿಕೊಂಡು ಹೋಗಿ, ಇಣುಕಿ ಇಣುಕಿ ನೋಡುತ್ತಾರೆ. ಇವನು ದೂರದಲ್ಲೇ ಹಿಂದೆ ಸರಿದ. ಎದುರಿನ ಹಾದಿ ಪೂರ್ತಿ ಕಾಣುವ ತನಕ ಕಾದು, ಮೂರನೆಯ ಗೇರಿಗೆ ಇಳಿಸಿ, ಒಂದೇ ದಮ್ಮಿನಲ್ಲಿ ದಾಟಿದ. ಆಮೇಲೆ ಒಂದು ಸಿಮೆಂಟ್ ಲಾರಿ. ಅದರ ಎಡಗಡೆ ಒಂದು ಕ್ಷಣವೂ ನಿಲ್ಲಲಿಲ್ಲ. "ಅಲ್ಲಿ ನಿಂತರ ಅವಗ ನಾವು ಕಾಣೂದಿಲ್ರೀ" ಅಂದ. ವರ್ಷಗಟ್ಟಲೆ ಆ ಎತ್ತರದ ಸೀಟಿನಲ್ಲಿ ಕೂತವನಿಗಷ್ಟೇ ಇದು ಮೈಗೆ ಹತ್ತಿರುತ್ತದೆ. ಲಾರಿಯವರಿಗೆ ಕಾರು ಓಡಿಸಲು ಬರುವುದಿಲ್ಲ ಅನ್ನುವವರು ಇದನ್ನು ಪಕ್ಕದ ಸೀಟಿನಲ್ಲಿ ಕೂತು ನೋಡಬೇಕು.

ಕೃಷ್ಣೆಯ ಕೊರ್ತಿ-ಕೊಲ್ಹಾರ ಸೇತುವೆಯ ಕಡೆ ಇಳಿಯುವಾಗ ಕೈ ನ್ಯೂಟ್ರಲ್ ಕಡೆ ಹೋಯಿತು. ಅಲ್ಲಿ ತಡೆದೆ. ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ಎತ್ತಿದರೆ ಪೆಟ್ರೋಲ್ ನಿಂತೇ ಹೋಗುತ್ತದೆ, ನ್ಯೂಟ್ರಲ್ ಮಾಡಿದರೆ ಇಂಜಿನ್ ಉಸಿರಾಡಲಿಕ್ಕೇ ಪೆಟ್ರೋಲ್ ಕುಡಿಯುತ್ತದೆ. ಇಂಜಿನ್ ಬಂದ್ ಮಾಡುವುದಂತೂ ಬೇಡವೇ ಬೇಡ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಹಗುರ ಮಾಡುವ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಲೋಡ್ ಗಾಡಿಯನ್ನು ಘಾಟಿನಲ್ಲಿ ಗೇರಿನ ಹಿಡಿತದಲ್ಲೇ ಇಳಿಸುವವನಿಗೆ ಇಲ್ಲಿ ನ್ಯೂಟ್ರಲ್ ಯಾಕೆ ಬೇಕು? ಸಣ್ಣ ಗಾಡಿ ಎಂಬ ಸಲುಗೆ, ಅಷ್ಟೇ.

ಕೊಲ್ಹಾರದಲ್ಲಿ ಗಡಿಗೆ ಮೊಸರು ತಗೊಂಡು ಬಂದೆವು.

ನಾಳೆ ಅವನು ಮತ್ತೆ ಲಾರಿ ಹತ್ತುತ್ತಾನೆ. ನನಗೆ ಇದರದೇ ಚಿಂತೆ ಹೆಚ್ಚು. ಒಂದು ಟನ್ನಿನೊಳಗಿನ ಕಾರಿನ ಬ್ರೇಕಿಗೆ ಒಗ್ಗಿದ ಕಾಲು 28.5 ಟನ್ನಿನ ತುಂಬಿದ ಗಾಡಿಯ ಮೇಲೆ ಹೋಗುತ್ತದೆ. ಗೇಟಿನ ಹತ್ತಿರ ನಿಲ್ಲಿಸಿ ಹೇಳಿದೆ: "ಅಳಿಯಾ, ಲಾರಿ ಹತ್ತಿದ ಮ್ಯಾಲ ಖಾಲಿ ಹಾದ್ಯಾಗ ಎರಡು ಸಲ ಬ್ರೇಕ್ ಹಾಕಿ ಕಾಲಿಗೆ ನೆನಪು ಮಾಡು. ಮುಂದಿನ ಗಾಡಿಗೆ ದಿನಾ ಬಿಡೂದಕ್ಕಿಂತ ಹೆಚ್ಚಿಗಿ ಜಾಗ ಬಿಡು. ಮುಧೋಳ ಮುಟ್ಟಿ ಫೋನ್ ಮಾಡು."

"ಹೂಂನ್ರೀ ಮಾವಾ" ಅಂದ. ರಿವರ್ಸ್ ಕಲಿಸುವುದು ಅವನು ಮತ್ತೆ ಊರಿಗೆ ಬಂದಾಗ.