ಕಾರ್ತೇಜ್ ಖಾಲಿ ಮಾಡಿ ಐರ್ಲೆಂಡಿಗೆ ಗಂಟುಮೂಟೆ ಕಟ್ಟಿದ್ದು

2004ರ ಕಂಪ್ಯೂಟರ್ ಯುದ್ಧದಾಟ ‘ರೋಮ್: ಟೋಟಲ್ ವಾರ್’ನಲ್ಲಿ ಕಾರ್ತೇಜ್ (ಉತ್ತರ ಆಫ್ರಿಕಾದ ಹಳೇ ರಾಜ್ಯ) ಆಡಿದವರಿಗೆ ಗೊತ್ತು, ಸಿಸಿಲಿ ದ್ವೀಪದ ಜಗಳ ಮುಗಿಯುವುದೇ ಇಲ್ಲ. ಆ ಕಡೆ ಮೆಸ್ಸಾನಾದಲ್ಲಿ ರೋಮನ್ನರು, ಈ ಕಡೆ ಲಿಲಿಬಿಯಮ್‌ನಲ್ಲಿ ನಾವು. ಬೇಜಾರಾಗಿ ಈ ಸಲ ಇಡೀ ವಂಶವನ್ನೇ ಐರ್ಲೆಂಡಿನ ತಾರಾಕ್ಕೆ ಸಾಗಿಸಿದೆ. ಅದು ರೆಬೆಲ್‌ಗಳ, ಅಂದರೆ ಯಾವ ರಾಜ್ಯಕ್ಕೂ ಸೇರದವರ ಊರು. ಹಿಡಿದುಕೊಂಡರೆ ಯಾವ ರಾಜ್ಯದ ಜೊತೆಗೂ ಯುದ್ಧ ಶುರುವಾಗುವುದಿಲ್ಲ.

ಹೊರಡುವವರಿಗೆ ಮೊದಲ ಮಾತು: ಸೈನಿಕರಿಗಿಂತ ರೈತರನ್ನು ಜಾಸ್ತಿ ಒಯ್ಯಿರಿ. ಯೂನಿಟ್ (ಒಂದು ತುಕಡಿ) ತಯಾರು ಮಾಡಿದರೆ ಊರಿನ ಜನಸಂಖ್ಯೆ ಅಷ್ಟು ಇಳಿಯುತ್ತದೆ. ಅದೇ ಯೂನಿಟ್ಟನ್ನು ಬೇರೆ ಊರೊಳಗೆ ಡಿಸ್‌ಬ್ಯಾಂಡ್ ಮಾಡಿದರೆ, ಅಂದರೆ ವಿಸರ್ಜಿಸಿದರೆ, ಅಲ್ಲಿ ಅಷ್ಟು ಏರುತ್ತದೆ. ಯೂನಿಟ್ ಗಾತ್ರ ‘ಹ್ಯೂಜ್’ ಇಟ್ಟರೆ ಒಂದು ರೈತರ ಯೂನಿಟ್ ಅಂದರೆ 240 ಜನ. ಹತ್ತು ಇಳಿಸಿದರೆ 2,400. ಊರು 2,000 ದಾಟಿದರೆ ಮುಂದಿನ ಹಂತದ ಕಟ್ಟಡ ಕಟ್ಟಬಹುದು. ಅದು ತಾನಾಗಿ ಬೆಳೆಯಲಿ ಅಂತ ಕೂತರೆ ಎಷ್ಟೋ ವರ್ಷ ಹೋಗುತ್ತದೆ. ಒಂದೇ ಊರಿನಲ್ಲಿ ಹತ್ತು ಯೂನಿಟ್ ಕ್ಯೂ ಹಾಕಬೇಡಿ, ಐದು ವರ್ಷ ಬೇಕು (ಟರ್ನ್‌ಗೆ, ಅಂದರೆ ಆಟದ ಒಂದು ಸರದಿಗೆ, ಒಂದು ಯೂನಿಟ್; ವರ್ಷಕ್ಕೆ ಎರಡೇ ಟರ್ನ್ ಅಲ್ವಾ). ನಾಲ್ಕೈದು ಊರಿಗೆ ಹಂಚಿ.

ಈಗ ನನ್ನ ಎಡವಟ್ಟು. ಮೊದಲ ಪಯಣಕ್ಕೇ ಯುವರಾಜನನ್ನು ಹತ್ತಿಸಿದೆ, ಅದೂ ಒಂದೇ ಹಡಗಿನಲ್ಲಿ. ಸ್ಪೇನ್ ಸುತ್ತಿ ಉತ್ತರಕ್ಕೆ ತಿರುಗುವಾಗ ಕಡಲ್ಗಳ್ಳರು ಎದುರಾದರು. ಹಡಗು ಮುಳುಗಿದರೆ ಒಳಗಿದ್ದವರೂ ಹೋದಂತೆಯೇ. ಸೇವ್ ಹಾಕಿ ಎಷ್ಟು ಟರ್ನ್ ಆಗಿತ್ತೋ, ನೆನಪಿಸಿಕೊಳ್ಳುವುದೂ ಬೇಡ. ಎರಡನೇ ಸಲ ನಾಲ್ಕು ಹಡಗು ಜೋಡಿಸಿದೆ. ಮೊದಲು ತಾರಾ ಹಿಡಿಯಲು ಸೈನ್ಯ, ಆಮೇಲೆ ರೈತರು. ಮನೆಯವರು ಬೇರೆ ಬೇರೆ ಪಯಣದಲ್ಲಿ. ವಂಶದ ಗಂಡಸರೆಲ್ಲ ಸತ್ತರೆ ಆಟವೇ ಮುಗಿಯಿತು.

ಊರು ಹಿಡಿದಾಗ ‘ಆಕ್ಯುಪೈ’ (ಸುಮ್ಮನೆ ವಶಕ್ಕೆ ಪಡೆಯುವುದು) ಒತ್ತಿ. ಗುಲಾಮಗಿರಿ, ಕೊಲೆ ಆರಿಸಿದರೆ ಹೊತ್ತು ತಂದ ಜನಕ್ಕೆ ಅರ್ಥವೇ ಇಲ್ಲ. ಆ ಕೂಡಲೇ ರಾಜಧಾನಿಯನ್ನು ಅಲ್ಲಿಗೆ ಬದಲಿಸಿ. ಕಾರ್ತೇಜೇ ರಾಜಧಾನಿಯಾಗಿ ಉಳಿದರೆ ರಾಜಧಾನಿ ದೂರ ಅಂತ ಊರಿನಲ್ಲಿ ಅಸಮಾಧಾನ ಏರಿ ದಂಗೆ ಶುರುವಾಗುತ್ತದೆ. ಅದರ ಮೇಲೆ ಅಲ್ಲಿನ ಹಳೇ ಕಟ್ಟಡಗಳಿಂದ ಸಂಸ್ಕೃತಿಯ ಅಸಮಾಧಾನ ಬೇರೆ. ಜನ ಸಮಾಧಾನವಾಗಲು ಒಂದು ದೇವಸ್ಥಾನ ಬೇಗ ಕಟ್ಟಿಬಿಡಿ.

ಬಿಟ್ಟು ಹೋಗುವ ಊರುಗಳಲ್ಲಿ ಕಟ್ಟಡ ಕೆಡವಿದರೆ ಸ್ವಲ್ಪ ಕಾಸು ವಾಪಸ್ ಬರುತ್ತದೆ. ಆಮೇಲೆ ರಾಯಭಾರಿ ಕಳಿಸಿ ಊರನ್ನೇ ಪಕ್ಕದ ರಾಜ್ಯ ನುಮಿಡಿಯಾಕ್ಕೆ ದಾನ ಕೊಟ್ಟೆ. ಇನ್ನು ರೋಮನ್ನರ ಕಾಟ ಅವರ ಪಾಲಿಗೆ.

ಒಂದು ಬೇಸರ ಉಂಟು. ಆನೆಗಳು ಐರ್ಲೆಂಡಿನಲ್ಲಿ ಸಿಗುವುದಿಲ್ಲ. ನಾನು ಒಂದು ಯೂನಿಟ್ ಹಡಗಿಗೆ ಹತ್ತಿಸಿ ತಂದಿದ್ದೆ. ಸತ್ತ ಆನೆಗೆ ತಾರಾದಲ್ಲಿ ಬದಲಿ ಇಲ್ಲ. ಹಾಗಾಗಿ ಯುದ್ಧಕ್ಕೆ ಬಿಡದೆ ಊರೊಳಗೆ ಸುಮ್ನೆ ನಿಲ್ಲಿಸಿದ್ದೇನೆ, ಟರ್ನ್‌ಗೆ ಇಷ್ಟು ಅಂತ ಸಂಬಳ ತಿನ್ನುತ್ತಾ ನಿಂತಿವೆ.